ಏಳನೇ ನಂಬರಿನ ಉಸಿರು

ಆ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ದೇರಣ್ಣನಿಗೆ ಹದಿನಾಲ್ಕು ವರ್ಷ ಸರ್ವೀಸಾಗಿತ್ತು. ನೀರಿನ ಬಿಸಿ, ಕ್ಲೋರಿನ್ನು, ಪಂಪು, ಫಿಲ್ಟರು, ಇವಿಷ್ಟೂ ಅವನ ಜವಾಬ್ದಾರಿ. ಎರಡು ಗಂಟೆಗೊಮ್ಮೆ ಥರ್ಮಾಮೀಟರು ಅದ್ದಿ ನೋಡಿ, ಲಾಗ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಸಣ್ಣದೊಂದು ಸಹಿ ಹಾಕುತ್ತಿದ್ದ. ಅಷ್ಟು ವರ್ಷಗಳಲ್ಲಿ ಯಾವ ಇನ್‌ಸ್ಪೆಕ್ಟರೂ ಆ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿರಲಿಲ್ಲ.

ಆ ಕೆಲಸ ಕೊಡಿಸಿದ್ದು ಡಾಕ್ಟರ್ ರಾಮಮೂರ್ತಿ. ಮೈಸೂರಿನವರು, ಎಪ್ಪತ್ತರ ದಶಕದಲ್ಲೇ ಈ ಹಿಮದ ದೇಶಕ್ಕೆ ಬಂದು ಥಾರ್ನ್‌ಹಿಲ್‌ನಲ್ಲಿ ಮನೆ ಮಾಡಿದವರು. ಉಸಿರಾಟದ ಶಾಸ್ತ್ರ ಕಲಿಸುವ ಪ್ರೊಫೆಸರು. ಕನ್ನಡದವರ ಯಾವ ಕಾರ್ಯಕ್ರಮವಿದ್ದರೂ ಮೊದಲ ಸಾಲಿನ ಮಧ್ಯದ ಕುರ್ಚಿ ಅವರದ್ದು. ದೇರಣ್ಣ ಕಾಪು ಕಡೆಯವನು. ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿಕೊಂಡು ಇಲ್ಲಿಗೆ ಬಂದು, ಹತ್ತು ವರ್ಷ ಬೇರೆಬೇರೆ ಗೋದಾಮುಗಳಲ್ಲಿ ಡಬ್ಬ ಕಟ್ಟಿದ್ದ. ಒಂದು ಗಣೇಶ ಚೌತಿಯಲ್ಲಿ ಊಟದ ಸಾಲಿನಲ್ಲಿ ಸಿಕ್ಕಿದ ಪ್ರೊಫೆಸರು, "ಡಿಪ್ಲೊಮಾ ಇಟ್ಕೊಂಡು ಡಬ್ಬ ಕಟ್ತೀರಾ? ಸೋಮವಾರ ನನ್ನ ಆಫೀಸಿಗೆ ಬನ್ನಿ" ಅಂದಿದ್ದರು. ದೇರಣ್ಣ ಹೋದ, ಕೆಲಸ ಸಿಕ್ಕಿತು. ಆ ಸೋಮವಾರವನ್ನು ಅವನು ಮರೆತದ್ದೇ ಇಲ್ಲ. ಅವರ ಎದುರು ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತದ್ದೂ ಇಲ್ಲ.

ಎರಡು ಸಾವಿರದ ಹನ್ನೊಂದರ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ರಾಮಮೂರ್ತಿಯವರು ಕೊಳದ ಹತ್ತಿರ ಬಂದರು. ಕೈಯಲ್ಲಿ ಅಂಗೈಯಗಲದ ಒಂದು ನೀಲಿ ಪ್ಲಾಸ್ಟಿಕ್ ಕೊಳವೆ.

"ಇದನ್ನ ಬಾಯಿಗಿಟ್ಟು ಉಸಿರು ಎಳೀರಿ" ಅಂದರು.

ದೇರಣ್ಣ ಎಳೆದ. ಒಳಗಿನ ಸ್ಪ್ರಿಂಗು ಅಡ್ಡ ನಿಂತಿತು. ಪಕ್ಕೆಲುಬಿನ ಸಂದಿಯೆಲ್ಲ ಬಿಗಿದುಕೊಂಡ ಹಾಗಾಯಿತು.

"ಓಡೋರು ಓಡೋಕೆ ಮುಂಚೆ ಕಾಲು ಬಿಸಿ ಮಾಡ್ಕೋತಾರೆ, ಅಲ್ವಾ? ಮುಳುಗೋರು ಉಸಿರಾಟದ ಸ್ನಾಯುಗಳನ್ನ ಯಾಕೆ ಬಿಸಿ ಮಾಡ್ಕೋಬಾರದು? ನೀರೊಳಗೆ ಎದೆ ಮೇಲೆ ಒತ್ತಡ, ಸಿಲಿಂಡರಿನ ಗಾಳಿ ಎಳೆಯೋದೇ ಒಂದು ಕೆಲಸ. ಕಾಲು ಸೋಲೋದಕ್ಕೆ ಮುಂಚೆ ಉಸಿರು ಸೋಲುತ್ತೆ. ಮುಳುಗೋ ಮುಂಚೆ ಇದರಲ್ಲಿ ಮೂವತ್ತು ಉಸಿರು ಎಳೆದರೆ, ನೀರಲ್ಲಿ ಜಾಸ್ತಿ ಹೊತ್ತು ದುಡೀಬಹುದು. ಇದು ನನ್ನ ಥಿಯರಿ."

"ಥಿಯರಿ ಎಂತದ್ದು ಸರ್, ನಮ್ಮಲ್ಲಿ ಅದು ಉಂಟು" ಅಂದ ದೇರಣ್ಣ, ಖುಷಿಯಿಂದ. ಹುಡುಗನಾಗಿದ್ದಾಗ ಅವನು ಕಾಪುವಿನ ದೀಪಸ್ತಂಭದ ಬಂಡೆಗಳ ಬುಡದಲ್ಲಿ ಮುಳುಗಿ, ಬಂಡೆಗೆ ಕಚ್ಚಿದ ಪಚ್ಚಿಲೆ ಅನ್ನುವ ಚಿಪ್ಪುಮೀನು ಕಿತ್ತು ತರುತ್ತಿದ್ದ. ನೀರಿಗಿಳಿಯುವ ಮೊದಲು ಅವನ ಸೋದರಮಾವ ಹೆಗಲ ಟವೆಲು ಬೈರಾಸನ್ನು ಒದ್ದೆ ಮಾಡಿ ಮೂಗುಬಾಯಿಗೆ ಒತ್ತಿ ಹಿಡಿದು, ಅದರ ಮೂಲಕ ಇಪ್ಪತ್ತು ಸಲ ಉಸಿರು ಎಳೆಸುತ್ತಿದ್ದರು. ಹಾಗೆ ಎಳೆದವನು ಹೆಚ್ಚು ಹೊತ್ತು ತಳದಲ್ಲಿ ನಿಲ್ಲುತ್ತಾನೆ ಅನ್ನುವುದು ಅವರ ನಂಬಿಕೆ. ದೇರಣ್ಣನೂ ಅದನ್ನೇ ನಂಬಿ ಬೆಳೆದವನು.

ಪ್ರೊಫೆಸರು ಅವನ ಭುಜ ತಟ್ಟಿದರು. "ವಂಡರ್‌ಫುಲ್! ಇದನ್ನ ನನ್ನ ಲೆಕ್ಚರಲ್ಲಿ ಹೇಳ್ತೀನಿ." ಹೇಳಿದರು ಕೂಡ. ಮುಂದೆ ಎಷ್ಟೋ ಕಡೆ ಹೇಳಿದರು.

ಪ್ರಯೋಗ ಜನವರಿಯಲ್ಲಿ ಶುರುವಾಯಿತು. ಬೆನ್ನಿಗೆ ಸಿಲಿಂಡರು ಕಟ್ಟಿ ಮುಳುಗುವ ಹನ್ನೆರಡು ಜನ ಹವ್ಯಾಸಿ ಸ್ಕೂಬಾ ಡೈವರುಗಳು. ಒಬ್ಬೊಬ್ಬರೂ ಮೂರು ದಿನ ಬರಬೇಕು. ಒಂದು ದಿನ ಬರಿದೇ ನೀರಿಗಿಳಿಯುವುದು. ಒಂದು ದಿನ ಬಿಗಿ ಸ್ಪ್ರಿಂಗಿನ ಕೊಳವೆಯಲ್ಲಿ ಮೂವತ್ತು ಉಸಿರು, ಎರಡು ನಿಮಿಷ ಬಿಡುವು, ಮತ್ತೆ ಮೂವತ್ತು ಉಸಿರು ಎಳೆದು ಇಳಿಯುವುದು. ಇನ್ನೊಂದು ದಿನವೂ ಹಾಗೆಯೇ, ಆದರೆ ಸ್ಪ್ರಿಂಗು ಸಡಿಲ. ಸಡಿಲದ್ದರಲ್ಲಿ ಸ್ನಾಯುಗಳಿಗೆ ಕೆಲಸವೇ ಇಲ್ಲ, ಅದು ಬರೀ ನಾಟಕ. ಆದರೆ ಬಿಗಿ ಎಷ್ಟಿದ್ದರೆ ಸರಿ ಅನ್ನುವುದು ಡೈವರಿಗೆ ಗೊತ್ತಿರಲಿಲ್ಲ, ಯಾವ ದಿನ ಯಾವುದು ಅನ್ನುವುದು ಪ್ರೊಫೆಸರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ದೇರಣ್ಣ ಒಬ್ಬ. ಚೀಟಿ ಎತ್ತಿ ಬಂದ ಪಟ್ಟಿ ಅವನ ಹತ್ತಿರವಿತ್ತು. ಅದನ್ನು ನೋಡಿ ಪಂಪ್ ರೂಮಿನೊಳಗೆ ಸ್ಪ್ರಿಂಗು ತಿರುಗಿಸಿ ತಂದುಕೊಡುತ್ತಿದ್ದ. ಆಮೇಲೆ ಡೈವರು ಪೂರ್ತಿ ಸಲಕರಣೆ ಕಟ್ಟಿಕೊಂಡು ನೀರೊಳಗೆ, ಸೊಂಟದ ಹಗ್ಗಕ್ಕೆ ಕಟ್ಟಿ ಹಿಂದಕ್ಕೆಳೆಯುವ ತೂಕದ ವಿರುದ್ಧ, ತಳದ ಒಂದು ಗೆರೆ ಬಿಟ್ಟು ಕದಲದೆ ಈಜುತ್ತಿರಬೇಕು. ಗೆರೆಯಿಂದ ಹಿಂದಕ್ಕೆ ಸರಿದ ಕ್ಷಣ ಗಡಿಯಾರ ನಿಲ್ಲಿಸುವುದು.

ಹನ್ನೊಂದು ಜನ ಸಿಕ್ಕಿ ಹನ್ನೆರಡನೆಯವರು ಸಿಗದಿದ್ದಾಗ ಪ್ರೊಫೆಸರು ಕೇಳಿದ್ದು ದೇರಣ್ಣನ ಮಗಳು ಶ್ರೇಯಾಳನ್ನು. ಅವಳಿಗೆ ಇಪ್ಪತ್ತಮೂರು. ವಿಟ್ಬಿ ಅನ್ನುವ ಊರಿನಲ್ಲಿ ಅಪ್ಪ ಅಮ್ಮನ ಜೊತೆಗಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು, ಬಿಡುವಿನಲ್ಲಿ ಸ್ಕೂಬಾ ಕಲಿತಿದ್ದಳು, ಮನಸ್ಸು ಮಾತ್ರ ಬ್ಯಾಂಕಿನಲ್ಲಿರಲಿಲ್ಲ. ಅಣೆಕಟ್ಟು, ಸೇತುವೆಗಳ ಬುಡದಲ್ಲಿ ಮುಳುಗಿ ರಿಪೇರಿ ಮಾಡುವ ಡೈವರ್ ಆಗಬೇಕು, ಅದರ ಕೋರ್ಸಿಗೆ ಸೇರಬೇಕು ಅಂತ ಅವಳ ಹಟ. ತಾಯಿ ಮೋಹಿನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ದೇರಣ್ಣ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲವಾದರೂ ಒಳಗೊಳಗೇ ಹಿಗ್ಗುತ್ತಿದ್ದ. ಅವಳಿಗೆ ಏಳನೇ ನಂಬರು ಸಿಕ್ಕಿತು.

ಫೆಬ್ರವರಿಯ ಎರಡನೇ ವಾರ ಶ್ರೇಯಾ ತನ್ನ ಮೂರನೇ ಸರದಿಗೆ ನೀರಿಗಿಳಿದಳು. ಹತ್ತು ನಿಮಿಷ ಕಳೆಯಿತು, ಹನ್ನೆರಡು ಕಳೆಯಿತು, ಅವಳು ಗೆರೆ ಬಿಟ್ಟು ಕದಲಲಿಲ್ಲ. ದಡದಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ನಿಂತರು. ಹದಿನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಅವಳ ಕಾಲು ನಿಂತಿತು. ಅಲ್ಲಿಯವರೆಗೆ ಯಾವ ಗಂಡಸೂ ಅಷ್ಟು ಹೊತ್ತು ಎಳೆದಿರಲಿಲ್ಲ. ಮುಖವಾಡ ಕಿತ್ತು ದಡಕ್ಕೆ ತಲೆಯಾನಿಸಿ, ಏದುಸಿರು ಬಿಡುತ್ತಲೇ ನಕ್ಕಳು.

"ಇವತ್ತು ಟೈಟ್ ಸ್ಪ್ರಿಂಗ್, ರೈಟ್? ಐ ಕುಡ್ ಫೀಲ್ ಇಟ್, ಪಪ್ಪಾ!"

ದೇರಣ್ಣ ಟವೆಲು ಕೊಟ್ಟ. "ಹೇಳ್ಲಿಕ್ಕಿಲ್ಲ ಮಗಾ" ಅಂದ.

ಅವತ್ತು ಇದ್ದದ್ದು ಸಡಿಲ ಸ್ಪ್ರಿಂಗು.

ಏಪ್ರಿಲಿನಲ್ಲಿ ದೇರಣ್ಣನ ಪಟ್ಟಿ ಬಿಚ್ಚಿ ನೋಡಿದರು. ಪ್ರೊಫೆಸರ ಆಫೀಸಿನಲ್ಲಿ ಇಬ್ಬರೇ. ಕಂಪ್ಯೂಟರಿನಲ್ಲಿ ಅಂಕಿಗಳನ್ನು ತುಂಬಿ ರಾಮಮೂರ್ತಿಯವರು ಗುಂಡಿ ಒತ್ತಿದರು, ಮತ್ತೊಮ್ಮೆ ಒತ್ತಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಬಿಗಿ ಸ್ಪ್ರಿಂಗಿನ ಸರಾಸರಿ ಹನ್ನೊಂದು ನಿಮಿಷ ನಲವತ್ತೊಂಬತ್ತು ಸೆಕೆಂಡು. ಸಡಿಲದ್ದು ಹನ್ನೊಂದು ಐವತ್ತೆರಡು. ಎರಡೂ ಒಂದೇ. ಅಂದರೆ ಸ್ನಾಯುಗಳನ್ನು ಬಿಸಿ ಮಾಡಿದ್ದಕ್ಕೂ ನಾಟಕ ಮಾಡಿದ್ದಕ್ಕೂ ಏನೇನೂ ವ್ಯತ್ಯಾಸವಿರಲಿಲ್ಲ.

ದೇರಣ್ಣನಿಗೂ ಪೆಚ್ಚೆನಿಸಿತು. ಮಾವನ ಬೈರಾಸು ನಿಜವಾಗಲಿ ಅಂತ ಅವನಿಗೂ ಆಸೆಯಿತ್ತು. "ಆಗ್ಲಿಲ್ಲ ಅಲ್ವಾ ಸರ್" ಅಂದ.

"ಆಗಿಲ್ಲ ಅಂತ ಹೇಗೆ ಹೇಳ್ತೀರಿ?" ಪ್ರೊಫೆಸರ ದನಿ ಚುರುಕಾಗಿತ್ತು. ಮೇ ತಿಂಗಳ ಸಮ್ಮೇಳನದಲ್ಲಿ ಅವರ ಭಾಷಣವಿತ್ತು. ಕೊಳವೆ ಮಾಡುವ ಕಂಪನಿಯವರಿಗೆ ಫಲಿತಾಂಶ ಚೆನ್ನಾಗಿ ಬರುತ್ತಿದೆ ಅಂತ ಆಗಲೇ ಮಾತು ಕೊಟ್ಟಿದ್ದರು. ಎರಡು ವರ್ಷಕ್ಕೆ ನಿವೃತ್ತಿ. "ಇಲ್ಲಿ ನೋಡಿ. ನಾಲ್ಕು, ಏಳು, ಹನ್ನೊಂದು, ಈ ಮೂರು ಜನ ಸಡಿಲದ್ದರಲ್ಲಿ ವಿಪರೀತ ಚೆನ್ನಾಗಿ ಮಾಡಿದ್ದಾರೆ. ಮೂರೂ ಒಂದೇ ವಾರ. ಆ ವಾರ ನೀರಿನಲ್ಲಿ ಏನೋ ಆಗಿರ್ಬೇಕು."

"ಏನೂ ಆಗಿಲ್ಲ ಸರ್. ಇಪ್ಪತ್ತೆಂಟು ಡಿಗ್ರಿ ಇತ್ತು. ಬರ್ದಿಟ್ಟಿದ್ದೇನೆ."

ಪ್ರೊಫೆಸರು ಕುರ್ಚಿ ಹತ್ತಿರಕ್ಕೆಳೆದುಕೊಂಡರು. "ದೇರಣ್ಣ, ಹೀಟರ್ ಹಳೇದು. ಒಂದೆರಡು ದಿನ ಕೈ ಕೊಟ್ಟಿರಬಹುದು. ನೀರು ತಣ್ಣಗಿದ್ರೆ ದುಡಿಯೋವಾಗ ಮೈ ಬಿಸಿ ಏರಲ್ಲ, ಜಾಸ್ತಿ ಹೊತ್ತು ಎಳೀತಾರೆ. ಸೈಂಟಿಫಿಕಲಿ ಸರಿಯಾದ ಕಾರಣ. ಆ ಮೂವರನ್ನ ಬಿಟ್ರೆ ಬಿಗಿ ಸ್ಪ್ರಿಂಗು ಒಂಬತ್ತು ಪರ್ಸೆಂಟ್ ಮೇಲಿದೆ. ನೀವೊಂದು ಪತ್ರ ಬರ್ದುಕೊಟ್ರೆ ಸಾಕು."

"ಆದ್ರೆ ಹೀಟರ್ ಹಾಳಾಗಿರ್ಲಿಲ್ಲ ಸರ್."

"ನಾನು ಸುಳ್ಳು ಹೇಳಿ ಅಂತಿಲ್ಲ. ನೆನಪು ಮಾಡ್ಕೊಳ್ಳಿ ಅಂತಿದೀನಿ." ಕನ್ನಡಕ ಮತ್ತೆ ಹಾಕಿಕೊಂಡು, "ನಾನು ನಿಮ್ಮನ್ನ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?" ಅಂದರು.

ಕೇಳಿರಲಿಲ್ಲ. ಹದಿನಾಲ್ಕು ವರ್ಷ ಒಂದು ಲೋಟ ನೀರನ್ನೂ ಕೇಳಿರಲಿಲ್ಲ. ದೇರಣ್ಣ ಪೆನ್ನು ತೆಗೆದುಕೊಂಡ. ಪ್ರೊಫೆಸರು ಇಂಗ್ಲಿಷಿನಲ್ಲಿ ಹೇಳಿದರು, ಇವನು ಬರೆದ. ಫೆಬ್ರವರಿ ಎರಡನೇ ವಾರ ಹೀಟರು ಕೆಟ್ಟು ನೀರು ಇಪ್ಪತ್ತನಾಲ್ಕಕ್ಕೆ ಇಳಿದಿತ್ತು ಅಂತ ನಾಲ್ಕು ಸಾಲು. ಕೆಳಗೆ ಸಹಿ. ಲಾಗ್‌ಬುಕ್ಕನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ತಿದ್ದಲು ಅವನ ಕೈ ಬರಲಿಲ್ಲ, ಬರೆದಿಟ್ಟಿದ್ದೇನೆ ಅಂದ ಅವನ ಮಾತು ಪ್ರೊಫೆಸರ ತಲೆಯಲ್ಲಿ ಉಳಿದಿರಲೂ ಇಲ್ಲ. ಪಕ್ಕದಲ್ಲಿ ಎಲ್ಲರ ಸಮಯವನ್ನೂ ಬರೆದುಕೊಂಡಿದ್ದ ಸ್ಪ್ರಿಂಗಿನ ಪಟ್ಟಿಯ ಒಂದು ಪ್ರತಿಯನ್ನು, ಯಾಕೆಂದು ತನಗೇ ಗೊತ್ತಾಗದೆ, ಮನೆಗೆ ಒಯ್ದಿಟ್ಟ.

ಆ ಡಿಸೆಂಬರಿನಲ್ಲಿ ಲೇಖನ ಅಚ್ಚಾಯಿತು. ಭಾಗವಹಿಸಿದ ಎಲ್ಲರಿಗೂ ಧನ್ಯವಾದದ ಪತ್ರದ ಜೊತೆ ಅದರ ಪ್ರತಿ ಬಂತು. ಶ್ರೇಯಾ ಅಷ್ಟರಲ್ಲಿ ಅಂಥದ್ದೇ ಕೊಳವೆಯೊಂದನ್ನು ತರಿಸಿಕೊಂಡು ದಿನಾ ಬೆಳಿಗ್ಗೆ ಮೂವತ್ತು ಉಸಿರು ಎಳೆಯುತ್ತಿದ್ದಳು. ಭಾನುವಾರ ಮಧ್ಯಾಹ್ನ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಲೇಖನ ಓದಿದಳು. ತಿರುಗಿಸಿ ಮತ್ತೆ ಓದಿದಳು.

"ಪಪ್ಪಾ, ನನ್ನ ನಂಬರ್ ಇಲ್ಲ. ನಂಬರ್ ಸೆವೆನ್ ಎಕ್ಸ್‌ಕ್ಲೂಡೆಡ್. ವಾಟರ್ ವಾಸ್ ಕೋಲ್ಡ್ ಅಂತ ಬರ್ದಿದ್ದಾರೆ."

ದೇರಣ್ಣ ಮೀನು ಹೆರೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ವಾಟರ್ ಕೋಲ್ಡ್ ಇರ್ಲಿಲ್ಲ. ಐ ವಾಸ್ ಇನ್ ಇಟ್."

"ಅವರು ಎಂತದೋ ಲೆಕ್ಕ ಮಾಡ್ತಾರೆ..."

"ಪೂಲ್ ಆಪರೇಟರ್ ಲೆಟರ್ ಕೊಟ್ಟಿದ್ದಾನೆ ಅಂತ ಇದೆ. ಪೂಲ್ ಆಪರೇಟರ್ ನೀನು."

ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ದೇರಣ್ಣ ಎಲ್ಲವನ್ನೂ ಹೇಳಿದ. ಸೋಮವಾರದ ಕೆಲಸದ ಕಥೆಯಿಂದ ಹಿಡಿದು ನಾಲ್ಕು ಸಾಲಿನ ಪತ್ರದವರೆಗೆ. ಅವತ್ತಿನ ಸ್ಪ್ರಿಂಗು ಸಡಿಲವಿತ್ತು ಅನ್ನುವುದನ್ನೂ ಹೇಳಿದ.

ಶ್ರೇಯಾ ಲೇಖನವನ್ನು ಮಡಿಸಿಟ್ಟಳು. ಆಮೇಲೆ ಅವಳ ಬಾಯಿಂದ ಬಂದದ್ದು ಕನ್ನಡವೇ. "ಆ ಫೋರ್ಟೀನ್ ಮಿನಿಟ್ಸ್ ನಂದು. ಸ್ಪ್ರಿಂಗ್‌ದಲ್ಲ, ನಂದು. ನನ್ನ ಜೀವನದಲ್ಲಿ ನಾನು ಅಷ್ಟು ಚೆನ್ನಾಗಿ ಏನೂ ಮಾಡಿಲ್ಲ. ಮತ್ತೆ ನೀನು ಅದನ್ನ ಎತ್ತಿ ಬಿಸಾಡಿದೆ. ನಿನ್ನ ಸಹಿ ಹಾಕಿ."

"ಅವರು ನಮಗೆ ಮಾಡಿದ್ದು ನಿನಗೆ ಗೊತ್ತಿಲ್ಲ ಮಗಾ."

"ನಿನಗೆ ಮಾಡಿದ್ದು. ನನಗಲ್ಲ." ಕೊಳವೆಯನ್ನು ಟೇಬಲ್ಲಿನ ಮೇಲೆ ಬಿಟ್ಟು ಮಹಡಿ ಹತ್ತಿ ಹೋದಳು. ಮರುದಿನ ಅದು ಕಸದ ಬುಟ್ಟಿಯಲ್ಲಿತ್ತು.

ಮುಂದಿನ ಫೆಬ್ರವರಿಯಲ್ಲಿ ಕೊಳವೆ ಕಂಪನಿಯವರು ಅದೇ ಈಜುಕೊಳದಲ್ಲಿ ಒಂದು ಜಾಹೀರಾತು ಚಿತ್ರೀಕರಿಸಲು ಅನುಮತಿ ಕೇಳಿ, ಅರ್ಜಿಯ ಜೊತೆ ಲೇಖನವನ್ನೂ ಲಗತ್ತಿಸಿದರು. ಕಟ್ಟಡಗಳ ಉಸ್ತುವಾರಿಯ ಮ್ಯಾನೇಜರು ಅದನ್ನು ಓದಿದಳು. ನೀರು ಇಪ್ಪತ್ತನಾಲ್ಕಕ್ಕೆ ಇಳಿದಿದ್ದರೆ ತನಗೆ ವರದಿ ಯಾಕೆ ಬರಲಿಲ್ಲ? ಹಿಂದಿನ ವರ್ಷ ಆ ವಾರ ಸಂಧಿವಾತದ ಮುದುಕರ ವ್ಯಾಯಾಮದ ಕ್ಲಾಸು ಅದೇ ನೀರಿನಲ್ಲಿ ನಡೆದಿತ್ತಲ್ಲ? ಲಾಗ್‌ಬುಕ್ಕು, ವಿಭಾಗದ ಕಡತದಲ್ಲಿದ್ದ ಆ ಪತ್ರ ಎರಡನ್ನೂ ತರಿಸಿದಳು. ದಿನಕ್ಕೆ ಐದು ಸಲ ಇಪ್ಪತ್ತೆಂಟು, ಇಪ್ಪತ್ತೆಂಟು, ಪಕ್ಕದಲ್ಲಿ ದೇರಣ್ಣನ ಸಹಿ. ಪತ್ರದಲ್ಲಿ ಇಪ್ಪತ್ತನಾಲ್ಕು, ಅದರ ಕೆಳಗೂ ದೇರಣ್ಣನ ಸಹಿ.

"ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಶುಕ್ರವಾರದೊಳಗೆ ಹೇಳು" ಅಂದಳು.

ದೇರಣ್ಣ ಅವತ್ತೇ ರಾಮಮೂರ್ತಿಯವರ ಮನೆಗೆ ಹೋದ. ಅವರು ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡು, ಒಳಗೆ ಕೂರಿಸಿ, ತಾವೇ ಕಾಫಿ ಮಾಡಿ ತಂದರು.

"ಲಾಗ್‌ಬುಕ್ಕಲ್ಲಿ ಅಭ್ಯಾಸಬಲದಿಂದ ಬರೆದುಬಿಟ್ಟೆ ಅಂತ ಹೇಳಿ. ಒಂದು ವಾರ್ನಿಂಗ್ ಲೆಟರ್ ಕೊಡ್ತಾರೆ, ಅಷ್ಟೆ. ಪತ್ರ ಸುಳ್ಳು ಅಂದ್ರೆ ನನ್ನ ನಲವತ್ತು ವರ್ಷದ ಹೆಸರು ಹೋಗುತ್ತೆ. ಅವಳ ಹತ್ರ ನಾನು ಮಾತಾಡ್ತೀನಿ. ನೀವು ಯೋಚ್ನೆ ಮಾಡ್ಬೇಡಿ."

ದೇರಣ್ಣ ಶುಕ್ರವಾರ ಹೋಗಿ ಹಾಗೆಯೇ ಹೇಳಿದ. ಮ್ಯಾನೇಜರು ಅವನನ್ನೇ ನೋಡುತ್ತ, "ಯೋಚಿಸಿ ಹೇಳ್ತಿದ್ದೀಯಾ?" ಅಂತ ಎರಡು ಸಲ ಕೇಳಿದಳು. ಎರಡು ಸಲವೂ ಹೌದು ಅಂದ. ವಾರ್ನಿಂಗು ಬರಲಿಲ್ಲ. ಸಾರ್ವಜನಿಕ ಈಜುಕೊಳದ ದಾಖಲೆಯಲ್ಲಿ ಸುಳ್ಳು ಬರೆದವನನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಕೆಲಸದಿಂದಲೇ ತೆಗೆದರು. ಹದಿನಾಲ್ಕು ವರ್ಷ ಒಂದೇ ಒಂದು ಅಂಕಿ ತಪ್ಪು ಬರೆಯದ ಪುಸ್ತಕವನ್ನು ತಾನೇ ಸುಳ್ಳು ಅಂತ ಒಪ್ಪಿಕೊಂಡು ಬಂದಿದ್ದ.

ರಾಮಮೂರ್ತಿಯವರು ಮಾತಾಡಿದರೋ ಇಲ್ಲವೋ ತಿಳಿಯಲಿಲ್ಲ. ಎರಡು ಸಲ ಫೋನ್ ಮಾಡಿದಾಗ ಅವರ ಸೊಸೆ ರಾಧಿಕಾ ಎತ್ತಿ, "ಮಾವ ಮೈಸೂರಿಗೆ ಹೋಗಿದ್ದಾರೆ, ಏಪ್ರಿಲಿಗೆ ಬರ್ತಾರೆ" ಅಂದಳು. ಏಪ್ರಿಲಿನಲ್ಲಿ ಅವರು ಯುಗಾದಿ ಕಾರ್ಯಕ್ರಮದಲ್ಲಿ ಎದುರಾದರು. ದೇರಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಛೆ, ಹಾಗಾಗಬಾರದಿತ್ತು" ಅಂದರು. ಅಷ್ಟರಲ್ಲಿ ಯಾರೋ ಕರೆದರು, ಆ ಕಡೆ ಹೋದರು.

ಶ್ರೇಯಾ ಮಾರ್ಚಿನಲ್ಲೇ ಕೋರ್ಸಿನ ಪ್ರವೇಶ ಪರೀಕ್ಷೆ ಬರೆದು, ಈಜಿ, ಗೆದ್ದಿದ್ದಳು. ಪರೀಕ್ಷೆ ಯಾವ ದಿನ ಅಂತ ಅಪ್ಪನಿಗೆ ಹೇಳಿರಲಿಲ್ಲ. ಅವಳು ಪಾಸಾದ ಸುದ್ದಿ ಅವನಿಗೆ ಗೊತ್ತಾದದ್ದು ಮೋಹಿನಿಯಿಂದ. ಕೋರ್ಸು ಮುಗಿಸಿ ಉತ್ತರದ ಕಡೆ ಅಣೆಕಟ್ಟಿನ ಕೆಲಸಕ್ಕೆ ಸೇರಿದಳು. ಫೋನ್ ಮಾಡಿದರೆ ಅಮ್ಮನ ಹತ್ತಿರ ಅರ್ಧ ಗಂಟೆ, ಅಪ್ಪನ ಹತ್ತಿರ ಆರೋಗ್ಯ ಹವಾಮಾನ ಅಷ್ಟೆ.

ದೇರಣ್ಣನಿಗೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಕಲಸಿಕೊಡುವ ಕೆಲಸ ಸಿಕ್ಕಿತು. ಅಲ್ಲಿ ಒಂದು ದಿನ, ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ, ಜಾರ್ಜ್‌ಟೌನಿನಿಂದ ಬಂದ ಗಿರಾಕಿಯೊಬ್ಬಳು ಗೋಡೆಯ ಬಣ್ಣ ಆರಿಸುತ್ತ ಮಾತಿಗೆಳೆದು, ತನ್ನ ಗಂಡ ಸ್ಕೂಬಾ ಕಲಿಯುತ್ತಿದ್ದಾನೆ, ಉಸಿರಿನ ಕೊಳವೆ ತರಿಸಿಕೊಂಡಿದ್ದಾನೆ, ಅದನ್ನು ಎಳೆದು ಇಳಿದರೆ ಸುಸ್ತೇ ಆಗುವುದಿಲ್ಲವಂತೆ, ವಿಶ್ವವಿದ್ಯಾಲಯದಲ್ಲಿ ಸಾಬೀತಾಗಿದೆಯಂತೆ ಅಂದಳು. ದೇರಣ್ಣ ಡಬ್ಬದ ಮುಚ್ಚಳ ಬಡಿಯುತ್ತಿದ್ದವನು ಕೈ ತಪ್ಪಿ ಹೆಬ್ಬೆರಳಿಗೆ ಬಡಿದುಕೊಂಡ.

ಅವತ್ತು ಸಂಜೆ ಊಟಕ್ಕೆ ಮೊದಲು, ಲೇಖನ ಅಚ್ಚು ಮಾಡಿದ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆಯಲು ಕೂತ. ಇಂಗ್ಲಿಷು ತಡವರಿಸಿತು, ಆದರೂ ಬೇರೆಯವರ ಹತ್ತಿರ ಬರೆಸಲಿಲ್ಲ. ನೀರು ತಣ್ಣಗಿರಲಿಲ್ಲ, ಮೂವರನ್ನು ಬಿಡಲು ಕಾರಣವೇ ಇರಲಿಲ್ಲ, ಹನ್ನೆರಡು ಜನರನ್ನೂ ಸೇರಿಸಿದರೆ ಬಿಗಿಗೂ ಸಡಿಲಕ್ಕೂ ವ್ಯತ್ಯಾಸವಿಲ್ಲ, ನಾನು ಅವತ್ತು ಬರೆದುಕೊಟ್ಟ ಪತ್ರ ಸುಳ್ಳು ಅಂತ ಬರೆದು, ಮನೆಯಲ್ಲಿಟ್ಟಿದ್ದ ಪಟ್ಟಿಯನ್ನು ಜೊತೆಗಿಟ್ಟು ಕಳಿಸಿದ. ಮೂರು ವಾರ ಹಿಡಿಯಿತು. ಕಳಿಸಿದ ದಿನ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡ.

ಉತ್ತರ ಬಂದದ್ದು ನವೆಂಬರಿನಲ್ಲಿ. ಒಂದು ಪುಟ, ಬಹಳ ಮರ್ಯಾದೆಯ ಭಾಷೆ. ನಿಮ್ಮ ಪತ್ರವನ್ನು ಮುಖ್ಯ ಲೇಖಕರ ಗಮನಕ್ಕೆ ತಂದಿದ್ದೇವೆ. ಸದರಿ ತಂತ್ರಜ್ಞರನ್ನು ಈಜುಕೊಳದ ದಾಖಲೆಗಳಲ್ಲಿ ಸುಳ್ಳು ಬರೆದ ಕಾರಣಕ್ಕೆ ಕೆಲಸದಿಂದ ತೆಗೆಯಲಾಗಿದೆ, ಅದನ್ನು ಅವರೇ ಒಪ್ಪಿಕೊಂಡಿದ್ದಾರೆ ಎಂದು ಲೇಖಕರು ತಿಳಿಸಿದ್ದಾರೆ. ವಿಶ್ವವಿದ್ಯಾಲಯವೂ ಇದನ್ನು ದೃಢಪಡಿಸಿದೆ. ಹಾಗಾಗಿ ನಿಮ್ಮ ಹೇಳಿಕೆಯನ್ನಾಗಲಿ, ನೀವು ಕಳಿಸಿದ ಪಟ್ಟಿಯನ್ನಾಗಲಿ ಆಧಾರವಾಗಿ ಪರಿಗಣಿಸಲು ಆಗುವುದಿಲ್ಲ. ನಿಮ್ಮ ಆಸಕ್ತಿಗೆ ಧನ್ಯವಾದಗಳು.

ದೇರಣ್ಣ ಅದನ್ನು ನಿಂತೇ ಓದಿದ. ಪ್ರೊಫೆಸರ ಹೆಸರು ಉಳಿಸಲು ತಾನು ಹೇಳಿದ ಸುಳ್ಳನ್ನೇ ಎತ್ತಿ, ಅವರು ತನ್ನ ಬಾಯಿಗೆ ತುರುಕಿದ್ದರು. ಮೋಹಿನಿ ಬಂದು ಏನು ಅಂತ ಕೇಳಿದಳು. ಅವನು ಕಾಗದ ಅವಳ ಕೈಗಿಟ್ಟ. ಅವಳು ಓದಿ, "ಆ ಮುದುಕನ ಕಾಫಿ ಕುಡಿದು ಬಂದ್ರಿ ನೀವು" ಅಂದಳು.

ಕ್ರಿಸ್‌ಮಸ್ ರಜೆಗೆ ಶ್ರೇಯಾ ಎರಡು ದಿನದ ಮಟ್ಟಿಗೆ ಬಂದಳು. ಭುಜ ಅಗಲವಾಗಿತ್ತು, ಕೈಗಳಲ್ಲಿ ವೆಲ್ಡಿಂಗಿನ ಕಲೆಗಳಿದ್ದವು. ಹೊರಡುವ ಬೆಳಿಗ್ಗೆ ದೇರಣ್ಣ ಆ ಕಾಗದವನ್ನೂ ತಾನು ಬರೆದ ಪತ್ರದ ಪ್ರತಿಯನ್ನೂ ಅವಳ ತಟ್ಟೆಯ ಪಕ್ಕ ಇಟ್ಟ. ಅವಳು ನೀರುದೋಸೆ ಮುರಿಯುವುದನ್ನು ನಿಲ್ಲಿಸಿ ಎರಡನ್ನೂ ಓದಿದಳು.

"ನೀನೇ ಬರ್ದದ್ದಾ?"

"ಹೌದು."

"ಇದನ್ನ ಎರಡು ವರ್ಷ ಮೊದಲು ಬರ್ದಿದ್ರೆ ನಂಬ್ತಿದ್ರು."

"ಹೌದು" ಅಂದ ದೇರಣ್ಣ. "ಹನ್ನೆರಡು ಜನರಲ್ಲಿ ನೀನೇ ಫಸ್ಟ್ ಇದ್ದಿ. ಅದು ಪಟ್ಟಿಯಲ್ಲಿ ಉಂಟು."

"ಐ ನೋ" ಅಂದಳು. ಕಾಗದಗಳನ್ನು ಮಡಿಸಿ ಅವನ ಕಡೆಗೇ ಸರಿಸಿದಳು. ದೋಸೆ ಮುಗಿಸಿ, ತಟ್ಟೆ ತೊಳೆದಿಟ್ಟು, ಬೂಟು ಹಾಕಿಕೊಂಡು ಹೊರಗೆ ಹೋದಳು.

ಬೆಳಗಿನ ಹೊತ್ತಿಗೆ ಒಂದು ಅಡಿ ಹಿಮ ಬಿದ್ದು ಅವಳ ಕಾರು ಅರ್ಧ ಹೂತುಹೋಗಿತ್ತು. ಸಲಿಕೆ ಹಿಮಕ್ಕೆ ನಾಟುವ ಸದ್ದು ಅಡುಗೆಮನೆಯವರೆಗೆ ಕೇಳುತ್ತಿತ್ತು. ದೇರಣ್ಣ ಜಾಕೆಟ್ಟು ಸಿಕ್ಕಿಸಿಕೊಂಡು, ಗ್ಯಾರೇಜಿನಿಂದ ಇನ್ನೊಂದು ಸಲಿಕೆ ತೆಗೆದುಕೊಂಡು ಹೋಗಿ, ಕಾರಿನ ಆಚೆ ಬದಿಯಲ್ಲಿ ನಿಂತ.

ಶ್ರೇಯಾ ತಲೆಯೆತ್ತಿ ನೋಡಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ, ಬ್ಯಾಂಕಿನ ಕೌಂಟರಿನ ಆಚೆಯಿಂದ ಗಿರಾಕಿಯನ್ನು ನೋಡುವ ಹಾಗೆ ನೋಡಿದಳು.

"ಐ ಗಾಟ್ ಇಟ್, ಪಪ್ಪಾ. ಚಳಿ ಇದೆ. ಒಳಗೆ ಹೋಗು."

ಅವನು ಸಲಿಕೆಯನ್ನು ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟು ಒಳಗೆ ಬಂದ.